ನಾಲ್ಕು ಅಂಕಣದ ಕೊಟ್ಟಿಗೆ

ಧನಲಕ್ಷ್ಮಿ ಆ ಸದ್ದನ್ನು ಮೊದಲು ಕೇಳಿದ್ದು ಮಹಾಲಯ ಅಮಾವಾಸ್ಯೆಗೆ ಇನ್ನೆರಡು ದಿನ ಇರುವಾಗ, ಬೆಳಗಿನ ಹಾಲು ಕರೆಯುತ್ತ ಕುಳಿತಿದ್ದಾಗ. ಯಾರೋ ಒಣಗಿದ ತೊಗರಿ ಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಮುರಿದ ಹಾಗೆ ಒಂದೇ ಒಂದು ಸದ್ದು. ಅದರ ಹಿಂದೆಯೇ ಜಂತೆಗಳ ಸಂದಿಯಿಂದ ಒಂದು ಹಿಡಿ ಮಣ್ಣು ಸುರಿದು, ಅರ್ಧ ಅವಳ ತಲೆಯ ಮೇಲೆ ಬಿತ್ತು, ಅರ್ಧ ಹಾಲಿನೊಳಕ್ಕೆ ಬಿತ್ತು. ಕೆಂಪಿ ಹಸು ಕಿವಿ ನಿಮಿರಿಸಿ ಒಮ್ಮೆ ನೋಡಿ ಮತ್ತೆ ಮೆಲುಕು ಹಾಕತೊಡಗಿತು. ಧನಲಕ್ಷ್ಮಿಯ ಕೈ ಮಾತ್ರ ಕೆಚ್ಚಲಿನ ಮೇಲೆ ಹಾಗೇ ನಿಂತುಬಿಟ್ಟಿತು.

ಆ ಹೊತ್ತಿನ ಹಾಲನ್ನು ಡೇರಿಗೆ ಹಾಕುವಂತಿರಲಿಲ್ಲ. ನಾಯಿಯ ಬೋಗುಣಿಗೆ ಸುರಿದು, ಸೆರಗಿನಿಂದ ತಲೆ ಕೊಡವಿಕೊಂಡು ಮೇಲೆ ನೋಡಿದಳು. ಮೂರನೇ ಅಂಕಣದ ತೊಲೆಯಲ್ಲಿ, ಕಂಬದಿಂದ ಒಂದು ಮೊಳ ದೂರಕ್ಕೆ, ಕೂದಲೆಳೆಯಂಥ ಬಿರುಕು ಓರೆಯಾಗಿ ಹರಿದಿತ್ತು. ನಿನ್ನೆ ಇತ್ತೋ ಇಲ್ಲವೋ ಅವಳಿಗೆ ನೆನಪಾಗಲಿಲ್ಲ. ಹತ್ತೊಂಬತ್ತು ವರ್ಷದಿಂದ ದಿನಕ್ಕೆರಡು ಸಲ ಅದರಡಿ ಕೂತು ಹಾಲು ಕರೆದವಳು, ಒಂದು ದಿನವೂ ಅದನ್ನು ನೆಟ್ಟಗೆ ನೋಡಿರಲಿಲ್ಲ.

ಮಿಡಿಗೇಶಿ ಬೆಟ್ಟದ ಕೋಟೆ ಗೋಡೆ ಅಂಗಳದಿಂದಲೇ ಕಾಣುವಷ್ಟು ಹತ್ತಿರದ ಹಳ್ಳಿ ಅವರದು. ಮಾವ ಮೂಡಲಗಿರಿಯಪ್ಪನ ತಾತ ಬೆಟ್ಟದ ಬುಡದಲ್ಲಿ ಕಲ್ಲು ಸೀಳಿಸಿ, ಹತ್ತು ಕಂಬ ನಿಲ್ಲಿಸಿ, ಕಂಬಗಳ ನಡುವೆ ನಾಲ್ಕು ಅಂಕಣ ಬರುವಂತೆ ಈ ಕೊಟ್ಟಿಗೆ ಕಟ್ಟಿಸಿದ್ದನಂತೆ. ಕಂಬದ ಮೇಲೆ ಕಮರ ಮರದ ತೊಲೆ, ತೊಲೆಯ ಮೇಲೆ ಬೇವಿನ ಜಂತೆ, ಅದರ ಮೇಲೆ ಬಂದರೆ ಗಿಡದ ಸೊಪ್ಪು ಹಾಸಿ ಕೆಮ್ಮಣ್ಣು ಮೆತ್ತಿ, ಎಲ್ಲಕ್ಕೂ ಮೇಲೆ ನೀರು ಇಳಿಯದ ಹಾಗೆ ಕೆರೆಯಂಗಳದ ಬಿಳಿ ಚೌಳು ಮಣ್ಣು. ಮನೆಗೆ ಆರ್‌ಸಿಸಿ ಬಂದು ಇಪ್ಪತ್ತು ವರ್ಷವಾಗಿತ್ತು. ಕೊಟ್ಟಿಗೆ ಮಾತ್ರ ಮಣ್ಣಿನ ಮಾಳಿಗೆಯಾಗಿಯೇ ಉಳಿದಿತ್ತು.

ಹೊಳವನಹಳ್ಳಿಯ ತೆಂಗಿನ ತೋಟ, ಹೆಂಚಿನ ಮನೆ ನೋಡಿ ಬೆಳೆದ ಧನಲಕ್ಷ್ಮಿಗೆ ಮದುವೆಯಾಗಿ ಬಂದ ಹೊಸತರಲ್ಲಿ ತಲೆಯ ಮೇಲೆ ಮಣ್ಣು ಹೊತ್ತ ಸೂರು ಕಂಡರೆ ಉಸಿರು ಕಟ್ಟುತ್ತಿತ್ತು. ಆದರೆ ಮೊದಲನೇ ಬೇಸಿಗೆಯಲ್ಲೇ ಅದು ಅವಳನ್ನು ಒಲಿಸಿಕೊಂಡಿತು. ಶಿವರಾತ್ರಿ ಕಳೆದು, ಬೆಟ್ಟದ ಬಂಡೆ ಕಾದು, ಮನೆಯೊಳಗೆ ಫ್ಯಾನು ಬಿಸಿಗಾಳಿ ತಿರುಗಿಸುವ ಹೊತ್ತಿನಲ್ಲಿ ಕೊಟ್ಟಿಗೆಯೊಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದಷ್ಟು ತಂಪು. ಕೇರಿಯ ಹೆಂಗಸರೆಲ್ಲ ಹುಣಸೆಹಣ್ಣಿನ ಮೂಟೆ ತಂದು, ಕಂಬಕ್ಕೊಬ್ಬರು ಒರಗಿ, ಬಡಿದು ಬೀಜ ಬಿಡಿಸುತ್ತ ಕೂರುತ್ತಿದ್ದರು. ಮುಂಗಾರಿನ ಮೊದಲ ಹನಿಗೆ ಮಾಳಿಗೆಯಿಂದ ಏಳುವ ವಾಸನೆಗಾಗಿಯೇ ಅವಳು ಕೆಲಸ ಬಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕಡ್ಲೆಕಾಯಿ ಕಿತ್ತಾಗ ಮೂಲೆಯಲ್ಲಿ ಅದರ ರಾಶಿ, ಮಾರ್ಗಶಿರದಲ್ಲಿ ರಾಗಿ ಹುಲ್ಲು ಅಟ್ಟಕ್ಕೇರಿದಾಗ ಅದರ ಹಸಿ ಘಮ. ಚಳಿಗಾಲದ ಮುಂಜಾವದಲ್ಲಂತೂ ದನಗಳ ಉಸಿರಿಗೆ ಒಳಗೆಲ್ಲ ಬೆಚ್ಚಗಿದ್ದು, ಅವಳು ಸ್ವೆಟರ್ ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ಹಾಲು ಕರೆಯುತ್ತಿದ್ದಳು. ಅತ್ತೆ ತೀರಿಕೊಂಡಾಗ ಯಾರಿಗೂ ಕಾಣದಂತೆ ಅಳಲು ಅವಳು ಬಂದು ಕೂತದ್ದೂ ಇಲ್ಲೇ.

ಈಗ ಆ ಸೂರು ಸದ್ದು ಮಾಡಿತ್ತು.

ಸಂಜೆ ಗಂಡ ತಿಪ್ಪೇರುದ್ರ ಪಾವಗಡದ ಕಡೆಯ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸ ಮುಗಿಸಿ ಬಂದ ಮೇಲೆ ಅವನನ್ನು ಕರೆದುಕೊಂಡು ಹೋಗಿ ತೋರಿಸಿದಳು. ಅವನು ಮೊಬೈಲ್ ಬೆಳಕು ಹಿಡಿದು ನೋಡಿ, ಕಮರ ಕಬ್ಬಿಣ ಇದ್ದ ಹಾಗೆ, ಅದಕ್ಕೇನೂ ಆಗುವುದಿಲ್ಲ ಎಂದ. ಮಾವ ಕೇಳಿಸಿಕೊಂಡರೂ ತಲೆ ಎತ್ತಲಿಲ್ಲ. ಕತ್ತಾಳೆ ನಾರು ಹೊಸೆಯುತ್ತಲೇ, ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವ ಮರ ಸದ್ದು ಮಾಡದೆ ಇರುತ್ತದೆಯೇ ಎಂದು ಅಷ್ಟಕ್ಕೇ ಬಿಟ್ಟ.

ಆದರೆ ಧನಲಕ್ಷ್ಮಿಗೆ ಅಷ್ಟಕ್ಕೇ ಬಿಡಲಾಗಲಿಲ್ಲ. ಅವಳಿಗೆ ಒಂಬತ್ತು ವರ್ಷವಿದ್ದಾಗ ಹೊಳವನಹಳ್ಳಿಯಲ್ಲಿ ಪಕ್ಕದ ಮನೆಯ ಗೋಡೆ ಮಳೆಗೆ ನೆನೆದು ಬಿದ್ದಿತ್ತು. ಜನ ಗುದ್ದಲಿ ಬಿಟ್ಟು ಬರಿಗೈಯಲ್ಲಿ ಮಣ್ಣು ತೋಡುತ್ತಿದ್ದುದನ್ನು, ಒಬ್ಬರೂ ಮಾತಾಡದೆ ಇದ್ದುದನ್ನು ಅವಳು ಅಪ್ಪನ ಪಂಚೆ ಹಿಡಿದು ನೋಡಿದ್ದಳು. ಆ ಮಾತಿಲ್ಲದ ಹೊತ್ತು ಅವಳೊಳಗೆ ಹಾಗೇ ಕೂತಿತ್ತು. ಮರುದಿನ ಅವಳು ಏಣಿ ಹತ್ತಿ ಬಿರುಕಿನ ಮೇಲೆ ಅಡ್ಡಲಾಗಿ ಅಂಗೈಯಗಲ ಸಗಣಿ ಮೆತ್ತಿದಳು. ತೊಲೆ ಅಲ್ಲಾಡದಿದ್ದರೆ ಒಣಗಿದ ಸಗಣಿ ಹಾಗೇ ಇರಬೇಕು. ದೀಪಾವಳಿಯ ಹೊತ್ತಿಗೆ ಅದು ನಡುವೆ ಸೀಳಿತ್ತು. ಮತ್ತೆ ಮೆತ್ತಿದಳು. ಅವರೆಕಾಯಿ ಕಾಲಕ್ಕೆ ಮತ್ತೆ ಸೀಳಿತ್ತು, ಈ ಸಲ ಉಗುರು ಹೋಗುವಷ್ಟು.

ಅವಳ ದಿನಗಳೆಲ್ಲ ಕಿವಿಯಾದವು. ಒಲೆಯ ಮುಂದೆ ಕೂತಿದ್ದರೂ, ಮಧುಗಿರಿಯ ಹಾಸ್ಟೆಲಿನಿಂದ ಮಗಳು ಫೋನು ಮಾಡಿದ್ದರೂ, ಅರ್ಧ ಕಿವಿ ಕೊಟ್ಟಿಗೆಯ ಕಡೆಗೇ. ಮೂರು ಹಸು, ಒಂದು ಎಮ್ಮೆ, ಮೂರು ಮೇಕೆ ಅದರೊಳಗೆ. ಅದಕ್ಕಿಂತ ಹೆಚ್ಚಾಗಿ ಮಾವ. ಅತ್ತೆ ಹೋದ ಮೇಲೆ ಮುದುಕ ತನ್ನ ಮಂಚವನ್ನು ಕೊಟ್ಟಿಗೆಯ ಬಡಗಣ ಮೂಲೆಗೆ ಹಾಕಿಸಿಕೊಂಡಿದ್ದ. ಮನೆಯೊಳಗೆ ಮಲಗಿ ಎಂದು ಅವಳು ನಾಲ್ಕಾರು ಸಲ ಕೇಳಿಕೊಂಡಳು. ಅಲ್ಲಿ ಸೆಕೆ ಎಂದ. ಧನುರ್ಮಾಸದಲ್ಲಿ ಕೇಳಿದಾಗಲೂ ಸೆಕೆ ಎಂದೇ ಹೇಳಿದ.

ಸಂಕ್ರಾಂತಿ ಕಳೆದ ಮೇಲೆ ಹುಣಸೆ ಬಿಡಿಸಲು ಬಂದ ಪಕ್ಕದ ಮನೆಯ ರಂಗಕ್ಕ ಬಿರುಕನ್ನೂ ಸಗಣಿಯನ್ನೂ ನೋಡಿ, ತನ್ನ ಮೂಟೆಯನ್ನು ಮೆಲ್ಲಗೆ ಬಾಗಿಲ ಹತ್ತಿರಕ್ಕೆ ಎಳೆದುಕೊಂಡಳು. ಅವಳ ತವರು ಬಡವನಹಳ್ಳಿ. ಅಲ್ಲಿ ಅಣ್ಣನ ಮನೆಯ ಮಾಳಿಗೆ ಹೀಗೇ ಬಾಗಿದಾಗ ಸಿರಾದಿಂದ ಮರಗೆಲಸದ ಫಜಲುಲ್ಲಾ ಸಾಬರು ಬಂದು, ಒಂದು ಗೋಡೆಯನ್ನೂ ಕೆಡವದೆ ನಿಲ್ಲಿಸಿಕೊಟ್ಟಿದ್ದರಂತೆ. ಧನಲಕ್ಷ್ಮಿ ಮರುದಿನವೇ ಬೆಳಗಿನ ಬಸ್ಸಿಗೆ ಮಧುಗಿರಿಗೆ ಹೋಗಿ, ಅಲ್ಲಿಂದ ಸಿರಾ ಬಸ್ಸು ಹಿಡಿದು, ಕೇಳುತ್ತ ಕೇಳುತ್ತ ಸಾಬರ ಮನೆ ಹುಡುಕಿದಳು. ಸಾಬರ ಹೆಂಡತಿ ಖಾಜಾಬಿ, ಬಿಸಿಲಿನಲ್ಲಿ ಬಂದವಳನ್ನು ಕೂರಿಸಿ ನೀರು ಕೊಟ್ಟು, ಗಂಡನಿಗೆ ಉಸಿರಾಟದ ತೊಂದರೆ, ಈಗೀಗ ದೂರದ ಕೆಲಸ ಒಪ್ಪಿಕೊಳ್ಳುವುದು ಕಡಿಮೆ ಎಂದಳು. ಆದರೆ ಕಮರದ ತೊಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ಒಳಗಿನಿಂದ ಸಾಬರೇ ಎದ್ದು ಬಂದರು. ಎಷ್ಟು ದಪ್ಪ, ಎಷ್ಟು ಉದ್ದ ಎಂದು ಕೇಳಿದರು. ಆ ವಾರವೇ ಟಿವಿಎಸ್ ಮೊಪೆಡ್ಡಿನಲ್ಲಿ ಬಂದಿಳಿದರು.

ಅರವತ್ತು ದಾಟಿದ ಸಣಕಲು ಆಳು. ಬಂದವರು ಮೊದಲು ಬಿರುಕನ್ನು ನೋಡಲೇ ಇಲ್ಲ. ಮರ ಕೆತ್ತುವ ಬಾಚಿಯ ಹಿಂಬದಿಯಿಂದ ಒಂದೊಂದೇ ತೊಲೆಯನ್ನು ತಟ್ಟಿ, ಕಿವಿಗೊಟ್ಟು ಕೇಳುತ್ತ ನಾಲ್ಕು ಅಂಕಣವನ್ನೂ ಸುತ್ತಿದರು. ಆಮೇಲೆ ಏಣಿ ಹತ್ತಿ ಮಾಳಿಗೆಗೆ ಹೋಗಿ, ಒಂದು ಹಾರೆಯನ್ನು ಮೆಲ್ಲಗೆ ಮಣ್ಣಿನೊಳಗೆ ಇಳಿಸಿದರು. ಧನಲಕ್ಷ್ಮಿಯೂ ಹಿಂದೆಯೇ ಹತ್ತಿದ್ದಳು. ಹಾರೆ ಇಳಿಯಿತು, ಇನ್ನೂ ಇಳಿಯಿತು. ಸಾಬರ ಮೊಣಕಾಲುದ್ದ ಒಳಗೆ ಹೋದ ಮೇಲೆ ಸೊಪ್ಪಿಗೆ ತಾಗಿ ನಿಂತಿತು.

ಅವರು ಕೆಳಗಿಳಿದು, ಕಲ್ಲಿನ ಮೇಲೆ ಕೂತು, ಉಸಿರು ಸುಧಾರಿಸಿಕೊಂಡು ಮೂಡಲಗಿರಿಯಪ್ಪನಿಗೆ ಹೇಳಿದರು:

"ಯಜಮಾನ್ರೇ, ಮರದ್ದು ತಪ್ಪಿಲ್ಲ. ಮೇಲ್ಗಡೆ ವಜನ್ ಜಾಸ್ತಿ ಆಗೈತೆ. ಒಂದು ಗೇಣು ಇರ್ಬೇಕಾದ ಕಡೆ ಎರಡೂವರೆ ಗೇಣು ಮಣ್ಣೈತೆ. ವರ್ಷಾ ವರ್ಷಾ ಹೊಸಾದು ಹಾಕಿದ್ದೀರಿ, ಹಳೇದು ತೆಗ್ದೇ ಇಲ್ಲ."

ಮುದುಕನ ಕೈಯಲ್ಲಿನ ನಾರು ನಿಂತಿತು. ಪ್ರತಿ ವರ್ಷ ಭರಣಿ ಮಳೆಗೆ ಮುಂಚೆ ಕೆರೆಯಂಗಳದಿಂದ ಚೌಳು ಮಣ್ಣು ತಂದು ಮಾಳಿಗೆಗೆ ಹರಡುವುದು ಅವನ ಕೆಲಸ. ಹೆಂಡತಿ ಮಂಕರಿ ಎತ್ತಿ ಕೊಡುತ್ತಿದ್ದಳು, ಅವನು ಮೇಲೆ ನಿಂತು ಹರಡುತ್ತಿದ್ದ. ಅರವತ್ತು ವರ್ಷದಲ್ಲಿ ಒಂದೇ ಒಂದು ವರ್ಷವೂ ತಪ್ಪಿಸಿರಲಿಲ್ಲ, ಹೆಂಡತಿ ತೀರಿಕೊಂಡ ವರ್ಷವೂ. ಊರಿನಲ್ಲಿ ಒಂದು ಹನಿ ಸೋರದ ಮಾಳಿಗೆ ಎಂದರೆ ಅವನದೇ ಎಂಬುದು ಅವನಿಗಿದ್ದ ಹೆಮ್ಮೆ.

"ನಮ್ಮಪ್ಪ ಹಾಕು ಅಂದಿದ್ದ," ಎಂದ ಅವನು. "ತೆಗಿ ಅಂತ ಯಾವತ್ತೂ ಹೇಳ್ಳಿಲ್ಲ."

ಆಮೇಲೆ ಎದ್ದು, ಮಾಳಿಗೆಯನ್ನು ಯಾರೂ ಮುಟ್ಟಕೂಡದು ಎಂದು ಹೇಳಿ ಹೊಲದ ಕಡೆ ಹೊರಟುಹೋದ. ಸಾಬರು ಹೋಗುವ ಮುಂಚೆ ಧನಲಕ್ಷ್ಮಿಯನ್ನು ಪಕ್ಕಕ್ಕೆ ಕರೆದು, ಮಳೆಗಾಲಕ್ಕೆ ಮೊದಲು ಆ ಭಾರ ಇಳಿಯಲೇಬೇಕು ಎಂದರು. ಒಣ ಮಣ್ಣನ್ನು ಹೊತ್ತ ತೊಲೆ ನೆನೆದ ಮಣ್ಣನ್ನು ಹೊರಲಾರದು. ಈಗ ಹಿರಿಯೂರಿನಲ್ಲಿ ಒಂದು ಕೆಲಸ ಒಪ್ಪಿಕೊಂಡಿದ್ದೇನೆ, ಯಜಮಾನರು ಮನಸ್ಸು ಮಾಡಿದರೆ ಫೋನು ಮಾಡಿ, ಬರುತ್ತೇನೆ ಎಂದರು. ನಾಲ್ಕು ಅಂಕಣದ ಮಣ್ಣನ್ನೂ ಸಮನಾಗಿ, ಪದರ ಪದರವಾಗಿ ತೆಗೆಯಬೇಕು, ಒಂದು ಕಡೆಯಿಂದ ತೆಗೆಯಬಾರದು ಎಂದು ಎರಡು ಸಲ ಹೇಳಿದರು.

ಯಜಮಾನರು ಮನಸ್ಸು ಮಾಡಲಿಲ್ಲ. ಯುಗಾದಿ ಬಂತು, ಹೋಯಿತು. ಧನಲಕ್ಷ್ಮಿ ಬೆಳಿಗ್ಗೆ ಎದ್ದು ದನಗಳನ್ನು ಹುಣಸೆ ಮರದಡಿ ಕಟ್ಟಿದರೆ, ಸಂಜೆ ಮಾವ ಸದ್ದಿಲ್ಲದೆ ಎಲ್ಲವನ್ನೂ ಒಳಗೆ ಕಟ್ಟುತ್ತಿದ್ದ. ತಿಪ್ಪೇರುದ್ರ ಇಬ್ಬರ ನಡುವೆ ಸಿಕ್ಕಿ ಒದ್ದಾಡಿದ. ಒಂದು ಸಂಜೆ ಎರಡು ನೀಲಗಿರಿ ಗಳ ತಂದು ಬಿರುಕಿನ ತೊಲೆಗೆ ಆಸರೆ ನಿಲ್ಲಿಸಿದ. ಗಳದ ಬುಡಕ್ಕೆ ಕಲ್ಲು ಕೊಡುವಾಗ ಮುದುಕ ತಾನೇ ಬಂದು ಕಾಲಿನಿಂದ ಒತ್ತಿ ನೋಡಿದ.

ಭರಣಿ ಮಳೆಗೆ ಹತ್ತು ದಿನ ಇರುವಾಗ ಅಂಗಳದಲ್ಲಿ ಒಂದು ಟ್ರ್ಯಾಕ್ಟರ್ ಚೌಳು ಮಣ್ಣು ಬಂದು ಬಿತ್ತು. ಬೆಳಿಗ್ಗೆ ಮಾವ ತಲೆಗೆ ಟವೆಲ್ ಸುತ್ತಿ, ಮಂಕರಿ ತುಂಬಿ ಏಣಿಯ ಹತ್ತಿರ ಬಂದಾಗ ಧನಲಕ್ಷ್ಮಿ ಏಣಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಮಾವನಿಗೆ ಎದುರು ನಿಂತಿರಲಿಲ್ಲ.

"ದಾರಿ ಬುಡಮ್ಮ," ಎಂದ ಮುದುಕ.

"ಇಲ್ಲ ಮಾವ. ನೀವು ಹೊಡುದ್ರೂ ಬುಡಲ್ಲ. ಅದು ಬಿದ್ರೆ ನಿಮ್ಮನ್ನ ತೋಡಿ ತೆಗೆಯೋಳು ನಾನು. ನನ್ ಕೈಲಾಗಲ್ಲ ಅದು."

ಮಂಕರಿ ಅವನ ತಲೆಯ ಮೇಲೇ ಇತ್ತು. ಅದರಿಂದ ಬಿಳಿ ಮಣ್ಣು ಸಣ್ಣಗೆ ಅವನ ಹೆಗಲ ಮೇಲೆ ಸುರಿಯುತ್ತಿತ್ತು. ಅವನು ಅವಳ ಮುಖವನ್ನು ನೋಡಿದ, ಏಣಿಯನ್ನು ನೋಡಿದ, ಮಂಕರಿಯನ್ನು ನಿಧಾನವಾಗಿ ಕೆಳಗಿಳಿಸಿ ಹೋಗಿಬಿಟ್ಟ. ಆವತ್ತಿನಿಂದ ಅವಳ ಜೊತೆ ಮಾತು ಬಿಟ್ಟ. ಮುದ್ದೆಯ ತಟ್ಟೆಯನ್ನು ಕೊಟ್ಟಿಗೆಗೇ ತರಿಸಿಕೊಂಡ. ಎರಡು ಮಂಕರಿ ಹಾಕಿಕೊಳ್ಳಲಿ ಬಿಡು, ಮನಸ್ಸಿಗೆ ಸಮಾಧಾನ ಆಗುತ್ತದೆ ಎಂದ ತಿಪ್ಪೇರುದ್ರ. ಎರಡೆರಡು ಮಂಕರಿಯೇ ಅಲ್ಲವೇ ಇಷ್ಟಾಗಿರುವುದು ಎಂದು ಅವಳು ಕೇಳಿದಳು.

ಸಾಬರಿಗೆ ಫೋನು ಮಾಡಿದಳು. ಹಿರಿಯೂರಿನ ಕೆಲಸ ಮುಗಿಯಲು ಹದಿನೈದು ದಿನ ಬೇಕು ಎಂದರು. ಅಲ್ಲಿಯವರೆಗೆ ಮಳೆ ಕಾಯಬೇಕಲ್ಲ. ಮಧ್ಯಾಹ್ನವಾದರೆ ಪಾವಗಡದ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು, ಸಂಜೆಗೆ ಚದುರುತ್ತಿತ್ತು. ಒಂದು ದಿನ ಹೀಗೆ ಮೋಡ ಕಟ್ಟಿ ಚದುರಿದ ಮೇಲೆ ಅವಳು ತಡೆದುಕೊಳ್ಳಲಾರದೆ ಗುದ್ದಲಿ, ಬಾಂಡ್ಲಿ ಹಿಡಿದು ಮಾಳಿಗೆ ಹತ್ತಿದಳು. ತೆಂಕಣ ತುದಿಯಿಂದ ಶುರು ಮಾಡಿದಳು, ಏಣಿ ಅಲ್ಲಿತ್ತು ಎಂಬ ಒಂದೇ ಕಾರಣಕ್ಕೆ. ಸಮನಾಗಿ ತೆಗೆಯಬೇಕೆಂಬ ಮಾತು ನೆನಪಿತ್ತು. ಆದರೆ ಒಬ್ಬಳೇ ನಾಲ್ಕು ಅಂಕಣದ ಉದ್ದಕ್ಕೂ ಓಡಾಡುತ್ತ ಪದರ ತೆಗೆಯುತ್ತ ಹೋದರೆ ತಿಂಗಳು ಬೇಕಿತ್ತು. ಮೊದಲು ಒಂದೆರಡು ಅಂಕಣವಾದರೂ ಹಗುರಾಗಲಿ ಎಂದುಕೊಂಡಳು.

ಮಣ್ಣು ಕಲ್ಲಿನಂತಿತ್ತು. ಕೆತ್ತಿದರೆ ಒಂದರ ಕೆಳಗೊಂದು ತೆಳ್ಳನೆಯ ಪದರ, ಒಂದೊಂದಕ್ಕೂ ಒಂದೊಂದು ಬಣ್ಣ. ಒಂದು ಪದರದಲ್ಲಿ ಯಾರದೋ ಒಡೆದ ಗಾಜಿನ ಬಳೆಯ ಹಸಿರು ಚೂರು ಸಿಕ್ಕಿತು. ಅತ್ತೆಯದೋ, ಅವಳ ಅತ್ತೆಯದೋ. ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕೆತ್ತಿದಳು. ಮಾವ ಕೆಳಗೆ ಬೇವಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ರಜೆಯ ದಿನ ತಿಪ್ಪೇರುದ್ರನೂ ಹತ್ತಿದ. ರಂಗಕ್ಕ ಕೆಳಗಿನಿಂದ ಬಾಂಡ್ಲಿ ಇಸಿದುಕೊಂಡಳು. ಐದು ದಿನಕ್ಕೆ ತೆಂಕಣ ಎರಡು ಅಂಕಣ ಹಗುರಾದವು. ಬಡಗಣ ಎರಡು ಹಾಗೇ ಇದ್ದವು, ಬಿರುಕಿನ ತೊಲೆಯೂ ಆ ಕಡೆಯದೇ.

ಆರನೇ ದಿನ ಬೆಳಿಗ್ಗೆ ಕೆಂಪಿ ಮೇವು ಮುಟ್ಟಲಿಲ್ಲ. ಕೆಚ್ಚಲು ಬಿಗಿದಿತ್ತು, ಬಾಲದ ಬುಡ ಇಳಿದಿತ್ತು. ಕರು ಹಾಕುವ ಹೊತ್ತು ಹತ್ತಿರವಾಗಿತ್ತು. ಉಳಿದ ದನಗಳನ್ನು ಧನಲಕ್ಷ್ಮಿ ಹುಣಸೆ ಮರದಡಿ ಕಟ್ಟಿ ಬಂದಾಗ ಮಾವ ಕೆಂಪಿಯ ಹಗ್ಗ ಹಿಡಿದು ನಿಂತಿದ್ದ. ಹಸು ಕಟ್ಟುವ ಜಾಗ ಮೂರನೇ ಅಂಕಣ. ಅವನು ಅಲ್ಲಿ ಕಟ್ಟಲಿಲ್ಲ. ಹಾಗೇ ನಡೆಸಿಕೊಂಡು ಬಂದು ತೆಂಕಣ ತುದಿಯ ಮೊದಲನೇ ಅಂಕಣದಲ್ಲಿ, ಅವಳು ಐದು ದಿನ ಕೆತ್ತಿದ ಸೂರಿನಡಿ, ಹುಲ್ಲು ಹಾಸಿ ಕಟ್ಟಿದ. ಅವಳ ಕಡೆ ನೋಡಲಿಲ್ಲ. ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಂಡು ಮಾಳಿಗೆ ಹತ್ತಿದಳು.

ಮೂರು ಗಂಟೆಯ ಸುಮಾರಿಗೆ ಗಾಳಿ ನಿಂತುಹೋಯಿತು. ಮಿಡಿಗೇಶಿ ಬೆಟ್ಟದ ಹಿಂದೆ ಆಕಾಶ ಕಾಡಿಗೆಯಾಯಿತು. ಈ ಸಲದ ಮೋಡ ಚದುರುವಂಥದಲ್ಲ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಧನಲಕ್ಷ್ಮಿ ಟಾರ್ಪಾಲು ಎಳೆದು ಬಡಗಣ ಅಂಕಣಗಳ ಮೇಲೆ ಹಾಸಿ ಕಲ್ಲು ಹೇರುವಷ್ಟರಲ್ಲಿ ಗಾಳಿ ಎದ್ದಿತು. ಒಂದೇ ಏಟಿಗೆ ಟಾರ್ಪಾಲು ಎದ್ದು, ಕಲ್ಲುಗಳನ್ನು ಉರುಳಿಸಿ, ರಂಗಕ್ಕನ ಹಿತ್ತಿಲ ಬೇಲಿಗೆ ಹೋಗಿ ಸಿಕ್ಕಿಕೊಂಡಿತು. ಆಲಿಕಲ್ಲು ಬೆನ್ನಿಗೆ ಬಡಿಯತೊಡಗಿದ ಮೇಲೆ ಅವಳು ಏಣಿ ಇಳಿದಳು. ಇಳಿಯುವಾಗಲೇ ಅವಳಿಗೆ ಹೊಳೆದದ್ದು: ಎರಡೂವರೆ ಗೇಣು ಮಣ್ಣು ಈಗ ನೀರು ಕುಡಿಯುತ್ತಿದೆ. ತಾನು ಓಡಾಡಿ ಓಡಾಡಿ ಅದರ ಮೇಲ್ಮೈಯನ್ನೆಲ್ಲ ಒಡೆದು ಇಟ್ಟಿದ್ದೇನೆ. ಮುಟ್ಟದೆ ಬಿಟ್ಟಿದ್ದರೆ ನೀರು ಜಾರಿ ಹೋಗುತ್ತಿತ್ತೋ ಏನೋ.

ಕೊಟ್ಟಿಗೆಯೊಳಗೆ ಅರೆಗತ್ತಲು. ಮಾವ ಕೆಂಪಿಯ ಹಿಂದೆ ಮೊಣಕಾಲೂರಿ ಕೂತಿದ್ದ. ಬಡಗಣ ಕಡೆಯಿಂದ ಮಣ್ಣು ಸಣ್ಣಗೆ ಸುರಿಯುವ ಸದ್ದು ಬಿಡದೆ ಕೇಳುತ್ತಿತ್ತು. ಆಸರೆಯ ಒಂದು ಗಳ ಬಿಲ್ಲಿನಂತೆ ಬಾಗಿತ್ತು.

"ಮಾವ, ಆಚೆ ಬನ್ನಿ. ಸೂರು ಬೀಳ್ತಾ ಐತೆ."

ಮಾತು ಬಿಟ್ಟ ಮೇಲೆ ಮೊದಲ ಸಲ ಮುದುಕ ಅವಳ ಜೊತೆ ಮಾತಾಡಿದ.

"ಕಾಲು ಕಂಡವೆ ಕಣಮ್ಮ. ಈಗ ಇವಳನ್ನ ಎಬ್ಬಿಸಂಗಿಲ್ಲ. ನೀನು ಹೋಗು."

ಅವಳು ಬಾಗಿಲ ಕಡೆ ನೋಡಿದಳು. ಹೊರಗೆ ಅಂಗಳ ಬೆಳ್ಳಗಾಗಿತ್ತು, ಆಲಿಕಲ್ಲು ಕಡ್ಲೆಕಾಯಿಯಂತೆ ನೆಗೆಯುತ್ತಿತ್ತು. ಹತ್ತು ಹೆಜ್ಜೆ, ಅಷ್ಟೇ. ಒಂಬತ್ತು ವರ್ಷದ ಹುಡುಗಿಯಾಗಿ ನೋಡಿದ್ದೆಲ್ಲ ಕಣ್ಣ ಮುಂದೆ ಬಂತು. ಕಾಲಿಗೆ ಓಡು ಎಂದು ಹೇಳಿದಳು. ಕಾಲು ಹೋಗಿ ಮಾವನ ಪಕ್ಕ ನಿಂತಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತಳು.

ಕರುವಿನ ಮುಂಗಾಲು ಎರಡೂ ಬಂದಿದ್ದವು, ಮೂತಿಯೂ ಕಾಣುತ್ತಿತ್ತು. ಹಸು ತಿಣುಕಿದಾಗ ಇಬ್ಬರೂ ಸೇರಿ ಎಳೆಯಬೇಕು, ನಿಲ್ಲಿಸಿದಾಗ ನಿಲ್ಲಿಸಬೇಕು. ಆತುರಪಡುವಂತಿರಲಿಲ್ಲ. ಬಡಗಣ ಕಡೆ ಒಂದು ಸದ್ದಾಯಿತು, ಮಹಾಲಯಕ್ಕೆ ಮುಂಚಿನ ಆ ಬೆಳಿಗ್ಗೆ ಕೇಳಿದ್ದಕ್ಕಿಂತ ಹತ್ತು ಪಟ್ಟು. ಧನಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು. ಮಾವ "ತಡಿ, ತಡಿ" ಎನ್ನುತ್ತಿದ್ದ. ಅವಳಿಗೋ, ಹಸುವಿಗೋ, ಸೂರಿಗೋ. ಮತ್ತೊಮ್ಮೆ ಕೆಂಪಿ ತಿಣುಕಿತು. ಎಳೆದರು. ಭುಜ ಬಂತು, ಆಮೇಲೆ ಮೈಯೆಲ್ಲ ಜಾರಿ ಹುಲ್ಲಿನ ಮೇಲೆ ಬಿತ್ತು. ಮಾವ ಕರುವಿನ ಮೂಗಿನೊಳಗಿನ ಲೋಳೆ ತೆಗೆದು ಮೂತಿಗೆ ಊದಿದ. ಅದು ಸೀನಿತು.

ಗೋಣಿಚೀಲದೊಳಗೆ ಕರುವನ್ನು ಎತ್ತಿ ಹಾಕಿ, ಎರಡು ಕಡೆ ಹಿಡಿದು ಇಬ್ಬರೂ ಬಾಗಿಲಿಗೆ ಓಡಿದರು. ಮುದುಕ ಹೊರಡುವ ಮುಂಚೆ ಹಗ್ಗದ ತುದಿ ಎಳೆದ. ಗಂಟು ತಾನಾಗಿ ಬಿಚ್ಚಿಕೊಂಡಿತು. ಕರುವಿನ ವಾಸನೆಯ ಹಿಂದೆ ಕೆಂಪಿಯೂ ತೂರಾಡುತ್ತ ಬಂತು. ಆಲಿಕಲ್ಲಿನಲ್ಲಿ ಅಂಗಳ ದಾಟಿ ಮನೆಯ ಜಗಲಿ ಹತ್ತಿ, ಚೀಲ ಇಳಿಸಿ, ಅವಳು ತಿರುಗಿದಳು. ಆ ಹೊತ್ತಿಗೆ ಬಡಗಣ ಎರಡು ಅಂಕಣ ಒಟ್ಟಿಗೆ ಕುಸಿದವು. ದೊಡ್ಡ ಸದ್ದೇನೂ ಆಗಲಿಲ್ಲ. ದಣಿದ ಎಮ್ಮೆ ಕೆಸರಿಗೆ ಮಲಗಿದಂತೆ ಒಂದು ಧೊಪ್ಪನೆಯ ಸದ್ದು. ಆಮೇಲೆ ಆ ಮಳೆಯಲ್ಲೂ ಕೆಂಪಗೆ ಎದ್ದ ಧೂಳು. ಮಾವನ ಮಂಚವಿದ್ದ ಮೂಲೆಯಲ್ಲಿ ಒಂದು ಕಂಬ ಮಾತ್ರ ನಿಂತಿತ್ತು. ತೆಂಕಣ ಎರಡು ಅಂಕಣ ಹಾಗೇ ಇದ್ದವು.

ಕೆಂಪಿ ಕರುವನ್ನು ನೆಕ್ಕುತ್ತಿತ್ತು. ಮುದುಕ ತೊಯ್ದು ತಣ್ಣಗಾಗಿದ್ದ. ಅವಳು ಒಳಗಿನಿಂದ ಕಂಬಳಿ ತಂದು ಹೊದಿಸಿದಳು.

"ನಿನಗಿಂತ ಮುಂಚೇನೇ ಕೇಳಿದ್ದೆ ಕಣಮ್ಮ ನಾನು ಆ ಸದ್ದ," ಎಂದ ಅವನು. "ಎರಡು ವರ್ಷ ಆತು."

"ಮತ್ಯಾಕೆ ಸುಮ್ಕಿದ್ರಿ ಮಾವ?"

"ಹೇಳಿದ್ರೆ ಕೆಡವಿ ಶೀಟ್ ಹಾಕ್ಬುಡ್ತೀರಿ ಅಂತ. ಅದಕ್ಕೇ ಅಲ್ಲೇ ಮಲಗ್ತಿದ್ದೆ. ಬಿದ್ರೆ ದನ ಬಿಚ್ಚಾಕೆ ಒಬ್ಬ ಇರ್ಲಿ ಅಂತ. ಎಲ್ಲಾ ಹಗ್ಗಕ್ಕೂ ಎಳೆಗಂಟೇ ಹಾಕಿದ್ದೆ."

ಅವಳು ಎಷ್ಟೋ ತಿಂಗಳು ಒಬ್ಬಳೇ ಹೊತ್ತಿದ್ದೇನೆಂದುಕೊಂಡಿದ್ದ ಭಯವನ್ನು, ಇಪ್ಪತ್ತು ಹೆಜ್ಜೆಯಾಚೆ ಈ ಮುದುಕನೂ ಹೊತ್ತುಕೊಂಡು ಮಲಗುತ್ತಿದ್ದ. ಅವಳಿಗೆ ಸಿಟ್ಟು ಬಂತು. ಅಳುವೂ ಬಂತು. ಕಾಫಿ ಕಾಸುತ್ತೇನೆ ಎಂದು ಒಳಗೆ ಹೋದಳು. ಕತ್ತಲಾಗುವ ಮುಂಚೆ ತೊಯ್ದು ತೊಪ್ಪೆಯಾಗಿ ಬಂದ ತಿಪ್ಪೇರುದ್ರ ಬೈಕನ್ನು ಅಂಗಳದಲ್ಲೇ ಕೆಡವಿ, ಬಿದ್ದ ಮಣ್ಣಿನ ಕಡೆಗೆ ಅಪ್ಪಾ ಎಂದು ಕೂಗುತ್ತ ಓಡಿದ. ಜಗಲಿಯ ಮೇಲಿನಿಂದ ಅಪ್ಪನೇ ಅವನನ್ನು ಕರೆಯಬೇಕಾಯಿತು.

ಹತ್ತು ದಿನ ಬಿಟ್ಟು ಬಂದ ಫಜಲುಲ್ಲಾ ಸಾಬರು ಬಿದ್ದ ತೊಲೆಯ ಮುರಿದ ತುದಿಯನ್ನು ಬೆರಳಿನಿಂದ ಸವರಿ ನೋಡಿದರು. ಒಂದು ಕಡೆ ಹಗುರ ಮಾಡಿ ಒಂದು ಕಡೆ ಭಾರ ಬಿಟ್ಟದ್ದಕ್ಕೆ ತೊಲೆ ತಿರುಚಿಕೊಂಡಿದೆ ಎಂದರು. ಹಾಗಾದರೆ ಬಿದ್ದದ್ದು ನನ್ನಿಂದಲೇ ಅಲ್ಲವೇ ಎಂದು ಧನಲಕ್ಷ್ಮಿ ಕೇಳಿದಳು. ಸಾಬರು ಸುಳ್ಳು ಹೇಳುವವರಲ್ಲ.

"ಬಿದ್ದಿದ್ದಕ್ಕೂ ನೀವೇ ಕಾರಣ ತಂಗಿ, ನಿಂತಿದ್ದಕ್ಕೂ ನೀವೇ ಕಾರಣ," ಎಂದರು. "ಎರಡನ್ನೂ ಬೇರೆ ಬೇರೆ ಮಾಡೋಕೆ ನನಗೆ ಬರಲ್ಲ."

ಆ ಮಾತು ಅವಳಿಗೆ ಪೂರ್ತಿ ಸಮಾಧಾನ ಕೊಡಲಿಲ್ಲ. ಆಮೇಲೆಯೂ ಕೆಲವು ಸಲ, ರಾಗಿ ಬೀಸುವಾಗಲೋ ಬಸ್ಸಿಗೆ ಕಾಯುವಾಗಲೋ, ಒಂದು ವಾರ ತಡೆದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದಳು.

ಶೀಟು ಹಾಕಿಬಿಡೋಣ ಎಂದು ತಿಪ್ಪೇರುದ್ರ ಹೇಳಿದಾಗ ಬೇಡ ಎಂದವಳು ಅವಳೇ. ಎರಡು ಅಂಕಣ ಸಾಕು, ಆದರೆ ಅವು ಮಾಳಿಗೆಯೇ ಆಗಿರಲಿ ಎಂದಳು. ಸಾಬರು ಹದಿನೆಂಟು ದಿನ ಉಳಿದು, ಬಿದ್ದ ಕಮರದಲ್ಲಿ ಗಟ್ಟಿ ಇದ್ದದ್ದನ್ನು ಆರಿಸಿ, ಉಳಿದ ತೊಲೆಗಳಿಗೆ ಜೊತೆ ಕೊಟ್ಟರು. ಬಡಗಣ ಕಡೆ ಹೊಸ ಗೋಡೆ ಎದ್ದಿತು. ಮಧ್ಯಾಹ್ನ ಸಾಬರೂ ಮುದುಕನೂ ಬೇವಿನ ಕಟ್ಟೆಯ ಮೇಲೆ ಕೂತು, ಯಾವ ಮರ ಯಾವ ತಿಂಗಳಲ್ಲಿ ಕಡಿದರೆ ಹುಳ ಬೀಳುವುದಿಲ್ಲ ಎಂದು ವಾದ ಮಾಡುತ್ತಿದ್ದರು. ಕೆಳಗೆ ಬಿದ್ದ ಹಳೆಯ ಮಣ್ಣನ್ನು ಹೊಲಕ್ಕೆ ಹಾಕುವಂತಿರಲಿಲ್ಲ, ಚೌಳಿನಲ್ಲಿ ಏನೂ ಬೆಳೆಯುವುದಿಲ್ಲ. ಕೆರೆ ದಾರಿಯ ಹಳ್ಳಕ್ಕೆ ತುಂಬಿಸಿದರು. ಬಿಸಿಲಿಗೆ ಆ ದಾರಿ ಬೆಳ್ಳಗೆ ಹೊಳೆಯುತ್ತದೆ. ಹೊಸ ಚೌಳು ಹರಡುವ ದಿನ ಧನಲಕ್ಷ್ಮಿ ಮೇಲೆ ನಿಂತಳು, ಮಾವ ಕೆಳಗೆ ನಿಂತು ಒಂದು ಗೇಣು, ಅಷ್ಟೇ, ಒಂದು ಗೇಣು ಎಂದು ಸಂಜೆಯವರೆಗೂ ಹೇಳುತ್ತಲೇ ಇದ್ದ.

ರೋಹಿಣಿ ಮಳೆ ಒಂದು ಮಧ್ಯಾಹ್ನ ಬಂತು. ಜೋರು ಮಳೆಯೇ. ಮೂವರೂ ಕೊಟ್ಟಿಗೆಯಲ್ಲಿದ್ದರು. ಧನಲಕ್ಷ್ಮಿಯ ಕಿವಿ ಎಂದಿನಂತೆ ಮೇಲಿತ್ತು. ಮಾವನ ಕಿವಿಯೂ ಅಲ್ಲೇ ಇದೆ ಎಂದು ಈಗ ಅವಳಿಗೆ ಕಾಣುತ್ತಿತ್ತು. ಒಂದು ಗಂಟೆ ಸುರಿದ ಮೇಲೆ ಗೋದಲಿಯ ಹತ್ತಿರ ಜಂತೆಯ ಸಂದಿಯಲ್ಲಿ ಒಂದು ಹನಿ ಕಟ್ಟಿ, ನೇತಾಡಿ, ಬಿತ್ತು. ಹಿಂದೆ ಇನ್ನೊಂದು. ತಿಪ್ಪೇರುದ್ರ ಎದ್ದು ನಿಂತು, ಮಳೆ ಬಿಟ್ಟ ಮೇಲೆ ಅಲ್ಲಿಗೆ ಎರಡು ಮಂಕರಿ ಮಣ್ಣು ಹಾಕಿಬಿಡುತ್ತೇನೆ ಎಂದ.

"ಬ್ಯಾಡ," ಎಂದರು ಮಾವ ಸೊಸೆ ಇಬ್ಬರೂ ಒಟ್ಟಿಗೆ.

ಮುದುಕ ಎದ್ದು, ಮೂಲೆಯಲ್ಲಿದ್ದ ಬಾಂಡ್ಲಿ ತಂದು ಹನಿಯ ಕೆಳಗೆ ಇಟ್ಟ. ಕರು ಹತ್ತಿರ ಬಂದು ಅದನ್ನು ಮೂಸಿ ನೋಡಿತು. ಮೂವರೂ ಹನಿ ಬೀಳುವುದನ್ನು ಕೇಳುತ್ತ ಮಳೆ ನಿಲ್ಲುವವರೆಗೆ ಅಲ್ಲೇ ಕೂತರು.